ಸೋಮಾರಿ ಮಡಿ

ಐರ್ಲೆಂಡಿನ ಬಡವರು ಆಲೂಗಡ್ಡೆ ಹಾಕುತ್ತಿದ್ದ ಮಡಿಗೆ ಇಂಗ್ಲಿಷಿನವರು ಇಟ್ಟ ಹೆಸರು ‘ಲೇಜಿ ಬೆಡ್’. ಸೋಮಾರಿ ಮಡಿ! ಗುದ್ದಲಿ ಹಿಡಿಯದವನು ಹಿಡಿದವನ ಕೆಲಸಕ್ಕೆ ಇಟ್ಟ ಹೆಸರು ಇದು. ಮಡಿಯ ಅಡಿಯ ನೆಲವನ್ನು ಉಳದೆ ಹಂಗೇ ಬಿಡ್ತಾರಲ್ಲ, ಅದಕ್ಕೇ ಆ ಹೆಸರು, ಇದರಲ್ಲಿ ಅವಮಾನ ಏನಿಲ್ಲ ಅಂತ ಕೃಷಿ ಪಂಡಿತರು ಸಮಜಾಯಿಷಿ ಕೊಡ್ತಾರೆ. ಇರಬಹುದು ಸ್ವಾಮಿ. ಆದರೆ ಉಳಲಿಕ್ಕೆ ಕುದುರೆ ಎಲ್ಲಿತ್ತು, ನೇಗಿಲು ಎಲ್ಲಿತ್ತು, ನೇಗಿಲು ತಿರುಗೋವಷ್ಟು ಜಾಗವಾದರೂ ಎಲ್ಲಿತ್ತು ಅಂತ ಈ ಪಂಡಿತರು ಕೇಳೋದಿಲ್ಲ. ಕನ್ನಡದಲ್ಲಿ ಮಡಿ ಅನ್ನೋ ಮಾತಿಗೆ ಎರಡು ಅರ್ಥ. ಒಂದು ಪೈರು ಹಾಕೋ ಮಡಿ. ಇನ್ನೊಂದು ನಮ್ಮನ್ನು ದೂರ ನಿಲ್ಲಿಸೋ ಮಡಿ. ಮೊದಲನೆಯದರಲ್ಲಿ ಮೈಯೆಲ್ಲ ಮಣ್ಣಾಗುತ್ತದೆ. ಎರಡನೆಯದಕ್ಕೆ ಮಣ್ಣಾದ ಮೈ ಸೋಂಕಬಾರದು. ಸೋಮಾರಿ ಅನ್ನೋ ಬಿರುದು ಈ ಎರಡರಲ್ಲಿ ಯಾವುದಕ್ಕೆ ಒಪ್ಪುತ್ತದೆ ಅಂತ ಓದುಗರೇ ಹೇಳಲಿ.

ಈ ಹೆಸರಿನ ಹಿಂದೆ ಬಿದ್ದಿರೋದಕ್ಕೆ ಕಾರಣವಿದೆ. ಚರಿತ್ರೆಯ ಪುಸ್ತಕ ತೆಗೆದರೆ ಐರ್ಲೆಂಡಿನ ಮಹಾಕ್ಷಾಮಕ್ಕೆ ಸಾಮಾನ್ಯವಾಗಿ ಸಿಗೋದು ಒಂದೇ ಸಾಲು. 1845ರಲ್ಲಿ ಆಲೂಗಡ್ಡೆಗೆ ರೋಗ ಬಂತು, ಹತ್ತು ಲಕ್ಷ ಜನ ಸತ್ತರು. ಅಂದರೆ ಗಡ್ಡೆ ಕೊಳೆಯಿತು, ಜನ ಸತ್ತರು. ಮಧ್ಯೆ ಯಾರೂ ಇಲ್ಲ! ಒಡೆಯ ಇಲ್ಲ, ಗೇಣಿ ಇಲ್ಲ, ಸರ್ಕಾರ ಇಲ್ಲ. ಇದೇ ರೋಗ ಅದೇ ವರ್ಷ ಬೆಲ್ಜಿಯಂ, ಹಾಲೆಂಡ್, ಸ್ಕಾಟ್ಲೆಂಡುಗಳ ಹೊಲಗಳನ್ನೂ ಹೊಕ್ಕಿತ್ತು. ಅಲ್ಲೂ ಜನ ಹಸಿದರು, ಸತ್ತವರೂ ಇದ್ದರು. ಆದರೆ ಅಲ್ಲೆಲ್ಲೂ ಎಂಟು ಜನರಲ್ಲಿ ಒಬ್ಬರು ಸಾಯಲಿಲ್ಲ. ಐರ್ಲೆಂಡಿನಲ್ಲಿ ಸತ್ತರು. ರೋಗ ಒಂದೇ, ಸಾವು ಯಾಕೆ ಬೇರೆ ಬೇರೆ ಅಂತ ಕೇಳಿದರೆ ಸಿಗುವ ಉತ್ತರ: ಆ ಜನ ಬರೀ ಆಲೂಗಡ್ಡೆ ನಂಬಿ ಕೂತಿದ್ದರು, ಅದು ಕಷ್ಟವಿಲ್ಲದೆ ಬೆಳೆಯೋ ಬೆಳೆ, ಸೋಮಾರಿಗಳು. ನೋಡಿದಿರಾ, ಮತ್ತೆ ಬಂತು ಸೋಮಾರಿ. ಉಣ್ಣೋ ಕೂಳನ್ನೇ ಉಣ್ಣುವವನ ಅಪರಾಧ ಮಾಡೋ ಈ ಹುನ್ನಾರ ನಮಗೇನು ಹೊಸದಲ್ಲ.

ಐರ್ಲೆಂಡಿನ ಕೂಲಿಯವನು ಗೋಧಿರೊಟ್ಟಿ ಒಲ್ಲೆ ಅಂತ ಆಲೂಗಡ್ಡೆ ಹಿಡಿದವನಲ್ಲ. 1641ರಲ್ಲಿ ಆ ದೇಶದ ಅರ್ಧಕ್ಕಿಂತ ಹೆಚ್ಚು ನೆಲ ಕೆಥೊಲಿಕರ ಕೈಯಲ್ಲಿತ್ತು. ಇಂಗ್ಲೆಂಡಿನ ಸೈನ್ಯಗಳು ಬಂದು ಹೋಗಿ, 1703ರ ಹೊತ್ತಿಗೆ ಅದು ನೂರಕ್ಕೆ ಹದಿನಾಲ್ಕಕ್ಕೆ ಇಳಿದಿತ್ತು. ಆಮೇಲೆ ಕಾನೂನಿನ ಸರದಿ. ಕೆಥೊಲಿಕನಾದವನು ಭೂಮಿ ಕೊಳ್ಳುವಂತಿಲ್ಲ. 31 ವರ್ಷ ಮೀರಿದ ಗುತ್ತಿಗೆ ಪಡೆಯುವಂತಿಲ್ಲ. ಸತ್ತರೆ ಇದ್ದಬದ್ದ ನೆಲವನ್ನು ಗಂಡುಮಕ್ಕಳೆಲ್ಲರಿಗೂ ಹರಿದು ಹಂಚಬೇಕು. ಹಿರಿಮಗ ಪ್ರಾಟೆಸ್ಟೆಂಟ್ ಆದರೆ ಮಾತ್ರ ಹಂಚೋದು ಬೇಡ, ಎಲ್ಲ ಅವನಿಗೇ! ಶಾಲೆ ನಡೆಸುವಂತಿಲ್ಲ. ಹಾಗಾಗಿ ಬೇಲಿಯ ಮರೆಯಲ್ಲಿ, ಕೊಟ್ಟಿಗೆಯಲ್ಲಿ ಕದ್ದು ಪಾಠ ಹೇಳೋ ಮೇಷ್ಟ್ರುಗಳು ಹುಟ್ಟಿಕೊಂಡರು. ಆ ಮೇಷ್ಟ್ರಿಗೆ ಸಂಬಳ ಅಂದರೆ ಮಕ್ಕಳು ಕೊಡುತ್ತಿದ್ದ ಪುಡಿಗಾಸು, ಬೆಣ್ಣೆ, ಆಲೂಗಡ್ಡೆ, ಒಲೆಗೆ ಹಾಕುವ ಒಣಗಿದ ಜೌಗುಮಣ್ಣಿನ ಹೆಂಟೆ. ಅಕ್ಷರ ಕೇಳಿದವನ ಕಿವಿಗೆ ಕಾದ ಸೀಸ ಹೊಯ್ಯಿರಿ ಅಂದ ಧರ್ಮಶಾಸ್ತ್ರದ ನಾಡಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹದಿನೆಂಟನೆಯ ಶತಮಾನ ಮುಗಿಯೋ ಹೊತ್ತಿಗೆ ಈ ಕಾನೂನುಗಳಲ್ಲಿ ಬಹಳಷ್ಟು ಹೋದವು. ಹೋದ ನೆಲ ಮಾತ್ರ ತಿರುಗಿ ಬರಲಿಲ್ಲ.

ನೆಲ ಇಲ್ಲದವನು ಏನು ಮಾಡಬೇಕು? ಒಡೆಯನ ಅಥವಾ ದೊಡ್ಡ ಗೇಣಿದಾರನ ಹೊಲದ ಅಂಚಿನಲ್ಲಿ ಒಂದು ಮಣ್ಣಿನ ಗುಡ್ಲು, ಅದರ ಹಿಂದೆ ಕೈಯಗಲ ಜಾಗ. ಅದಕ್ಕೆ ಬಾಡಿಗೆ ದುಡ್ಡಲ್ಲ, ದುಡಿತ. ಇಷ್ಟು ದಿನ ಬಂದು ಗೇದರೆ ಈ ಗುಡ್ಲಲ್ಲಿ ಇರಬಹುದು. ಇಂಥವನನ್ನು ಅಲ್ಲಿ ಕಾಟಿಯರ್ ಅಂತ ಕರೆದರು. ನಾವು ಜೀತ ಅಂತೀವಿ. ಅದೂ ಸಿಗದವನು ಒಂದು ಬೆಳೆಯ ಮಟ್ಟಿಗೆ ಮಾತ್ರ ತುಂಡು ನೆಲ ಹಿಡೀತಿದ್ದ. ಬೆಳೆ ಕಿತ್ತ ಮೇಲೆ ಅವನಿಗೂ ಆ ನೆಲಕ್ಕೂ ಸಂಬಂಧವಿಲ್ಲ. ಒಳ್ಳೆ ನೆಲದಲ್ಲಿ ಒಡೆಯ ಗೋಧಿ, ಓಟ್ಸ್ ಬೆಳೆದು, ದನ ಮೇಯಿಸಿ ಇಂಗ್ಲೆಂಡಿಗೆ ಹಡಗು ಹತ್ತಿಸುತ್ತಿದ್ದ. ಉಳಿದ ಕಲ್ಲು, ಜೌಗು, ಗುಡ್ಡದ ಓರೆ ಇವನಿಗೆ. ಅಂಥ ಅರ್ಧ ಎಕರೆ, ಒಂದು ಎಕರೆಯಲ್ಲಿ ಆರು ಹೊಟ್ಟೆ ತುಂಬಬೇಕು. ಜಗತ್ತಿನ ಯಾವ ಧಾನ್ಯದಿಂದಲೂ ಅದು ಆಗೋದಿಲ್ಲ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ರೈತರು ಸಾವಿರಾರು ವರ್ಷ ಸಾಕಿ ತಿದ್ದಿದ ಒಂದು ಗಡ್ಡೆಯಿಂದ ಆಗುತ್ತಿತ್ತು. ಐರ್ಲೆಂಡಿನವರು ಅದನ್ನೇ ಬೆಳೆದರು. ಇದು ಸೋಮಾರಿತನದ ಆಯ್ಕೆಯಲ್ಲ, ಲೆಕ್ಕ ಬಲ್ಲವರ ಆಯ್ಕೆ.

ಇನ್ನು ಆ ಕಷ್ಟವಿಲ್ಲದ ಬೆಳೆಯ ಕೆಲಸ ಎಷ್ಟಿತ್ತು ನೋಡೋಣ. ಮಾರ್ಚ್ 17, ಸಂತ ಪ್ಯಾಟ್ರಿಕನ ಹಬ್ಬ. ಆ ಹೊತ್ತಿಗೆ ನೆಲ ಇನ್ನೂ ತಣ್ಣಗೆ ಒದ್ದೆ. ಮೊದಲು ಹಗ್ಗ ಹಿಡಿದು ಗುರುತು ಹಾಕಬೇಕು, ಒಂದೊಂದು ಪಟ್ಟಿ ಮೂರರಿಂದ ಆರು ಅಡಿ ಅಗಲ. ಪಟ್ಟಿಯ ಹುಲ್ಲಿನ ಮೇಲೇ ಗೊಬ್ಬರ ಹರಡಬೇಕು. ಕಡಲತಡಿಯವರಾದರೆ ಗೊಬ್ಬರ ಅಂದರೆ ಕಡಲಪಾಚಿ. ಹೆಂಗಸರು ಒದ್ದೆ ಪಾಚಿಯನ್ನು ಬೆನ್ನಬುಟ್ಟಿಗೆ ತುಂಬಿ, ನೀರು ಬೆನ್ನಮೇಲೆ ಇಳೀತಿರುವಾಗ ದಿಬ್ಬ ಹತ್ತಿಸುತ್ತಿದ್ದರು. ಆಮೇಲೆ ಬಿತ್ತನೆಗಡ್ಡೆ. ಒಂದೊಂದು ತುಂಡಿಗೂ ಒಂದು ಕಣ್ಣಾದರೂ ಇರೋ ಹಾಗೆ ಕುಯ್ಯಬೇಕು, ಈ ಕೆಲಸವೂ ಬಹಳ ಕಡೆ ಹೆಂಗಸರದೇ. ಕಣ್ಣು ತೆಗೆದುಕೊಂಡ ಮೇಲೆ ಉಳಿದ ತಿರುಳು ಅಡುಗೆಗೋ ಹಂದಿಗೋ, ಬಿಸಾಕೋದು ಅನ್ನೋ ಮಾತಿಲ್ಲ. ತುಂಡುಗಳನ್ನು ಗೊಬ್ಬರದ ಮೇಲೆ ಇಟ್ಟು, ಪಟ್ಟಿಯ ಎರಡೂ ಪಕ್ಕದಿಂದ ಹುಲ್ಲುಹೆಂಟೆಯನ್ನು ಸಲಿಕೆಯಲ್ಲಿ ಕತ್ತರಿಸಿ, ಪುಸ್ತಕದ ಹಾಳೆ ಮಗುಚಿದ ಹಾಗೆ, ಹುಲ್ಲಿಗೆ ಹುಲ್ಲು ಮುಖ ಮಾಡಿ ಮಗುಚಬೇಕು. ಹೆಂಟೆ ಕತ್ತರಿಸಿದ ಜಾಗ ಕಾಲುವೆಯಾಗುತ್ತದೆ, ಮಳೆನೀರು ಅದರಲ್ಲಿ ಹರಿದುಹೋಗುತ್ತದೆ. ಮಗುಚಿದ ಹುಲ್ಲು ಒಳಗೇ ಕೊಳೆತು ಗೊಬ್ಬರವಾಗುತ್ತದೆ. ಮೊಳಕೆ ಬಂದ ಮೇಲೆ ಕಾಲುವೆಯ ಮಣ್ಣನ್ನು ಅಗೆದು ಮತ್ತೆ ಮಡಿಗೆ ಏರಿಸಬೇಕು, ಒಮ್ಮೆಯಲ್ಲ, ಎರಡು ಸಲ. ಇದಕ್ಕೆ ಅವರ ಹತ್ತಿರ ಇದ್ದ ಹತಾರ ‘ಲಾಯ್’. ಉದ್ದ ಹಿಡಿ, ಕಿರಿದು ಅಲಗು, ಒಂದೇ ಕಡೆ ಪಾದ ಒತ್ತೋ ಜಾಗ. ಊರೂರಿಗೆ ಅದರ ಆಕಾರ ಬೇರೆ, ಯಾಕಂದ್ರೆ ಊರೂರಿಗೆ ಮಣ್ಣು ಬೇರೆ. ಆಯಾ ಮಣ್ಣು ಬಲ್ಲ ಕಮ್ಮಾರ ಅದಕ್ಕೆ ತಕ್ಕ ಅಲಗು ಬಡೀತಿದ್ದ.

ಒಬ್ಬನ ಕೈಲಿ ಆಗದ ಕೆಲಸಕ್ಕೆ ನೆರೆಯವರು ಬರುತ್ತಿದ್ದರು, ಇವನು ಅವರ ಹೊಲಕ್ಕೆ ಹೋಗುತ್ತಿದ್ದ. ಅವರ ಭಾಷೆಯಲ್ಲಿ ಅದು ‘ಮೆಹಲ್’. ನಮ್ಮ ಮುಯ್ಯಾಳು, ಅಷ್ಟೇ. ಅರಾನ್ ದ್ವೀಪಗಳಲ್ಲಿ ಮಣ್ಣೇ ಇಲ್ಲ, ಬರೀ ಬಂಡೆ. ಅಲ್ಲಿಯವರು ಬಂಡೆಯ ಮೇಲೆ ಮರಳು, ಕಡಲಪಾಚಿ ಹೊತ್ತು ಹಾಕಿ, ಪದರದ ಮೇಲೆ ಪದರ ಕೊಳೆಸಿ, ಮಣ್ಣನ್ನೇ ಸೃಷ್ಟಿ ಮಾಡಿ ಆಲೂಗಡ್ಡೆ ಬೆಳೆದರು. ಬ್ರಹ್ಮಸೃಷ್ಟಿಯ ಕಥೆ ಹೇಳೋರು ಇದನ್ನೊಮ್ಮೆ ಹೋಗಿ ನೋಡಬೇಕು. ಪಶ್ಚಿಮದ ಗುಡ್ಡಗಳಲ್ಲಿ ಆ ಮಡಿಗಳ ಗೀರು ಇವತ್ತಿಗೂ ಕಾಣುತ್ತವೆ. ಮನೆಯಿಲ್ಲ, ಮನುಷ್ಯರಿಲ್ಲ, ಹುಲ್ಲಿನ ಕೆಳಗೆ ಸಾಲು ಸಾಲು ಮಡಿ. ಅವರ ಸೋಮಾರಿತನಕ್ಕೆ ಉಳಿದಿರೋ ಸಾಕ್ಷಿ ಅದೇ.

ಬೆಳೆ ಬಂದ ಮೇಲೆ ಹೊಲದಲ್ಲೇ ಗುಂಡಿ ತೋಡಿ, ಜೊಂಡು ಹುಲ್ಲು ಹಾಸಿ, ಗಡ್ಡೆ ರಾಶಿ ಹಾಕಿ, ಮೇಲೆ ಮಣ್ಣು ಮೆತ್ತಿ ಇಡುತ್ತಿದ್ದರು. ನಮ್ಮ ಹಗೇವು ನೆನಪಿಗೆ ಬಂದರೆ ತಪ್ಪಿಲ್ಲ. ಕೂಲಿ ಗಂಡಸು ದಿನಕ್ಕೆ ಐದಾರು ಕಿಲೋ ತಿನ್ನುತ್ತಿದ್ದ, ಜೊತೆಗೆ ಸಿಕ್ಕರೆ ಮಜ್ಜಿಗೆ. ದೊಡ್ಡ ಕಬ್ಬಿಣದ ಮಡಕೆಯಲ್ಲಿ ಸಿಪ್ಪೆ ಸಮೇತ ಬೇಯಿಸಿ, ಬೆತ್ತದ ತಟ್ಟೆಬುಟ್ಟಿಗೆ ಬಸಿದು, ಆ ಬುಟ್ಟಿಯನ್ನು ಮಡಕೆಯ ಬಾಯಿಮೇಲೇ ಇಟ್ಟು, ಸುತ್ತ ಕೂತು ಕೈಯಲ್ಲಿ ಸುಲಿದು ಉಪ್ಪುನೀರಿಗೆ ಅದ್ದಿ ತಿನ್ನೋದು. ನೋಡಲು ಬಂದ ಇಂಗ್ಲಿಷ್ ಪ್ರವಾಸಿಗಳು ಚಮಚ ಇಲ್ಲ, ಮೇಜು ಇಲ್ಲ, ಕೈಯಲ್ಲಿ ತಿನ್ನುತ್ತಾರೆ ಅಂತ ಮೂಗು ಮುರಿದು ಬರೆದರು. ಕಠಿಣ ದುಡಿತ ಇರುವಾಗ ಗಡ್ಡೆಯನ್ನು ಪೂರ್ತಿ ಬೇಯಿಸದೆ ನಡುವೆ ಗಟ್ಟಿ ಉಳಿಸುವವರಿದ್ದರು. ಅದಕ್ಕೆ ‘ಮೂಳೆ ಬಿಟ್ಟು ಬೇಯಿಸೋದು’ ಅನ್ನುತ್ತಿದ್ದರು. ಬೇಗ ಅರಗಬಾರದು, ಹೊಟ್ಟೆಯಲ್ಲಿ ತಡೀಬೇಕು. ಹಸಿವು ಬಲ್ಲವರ ಅಡುಗೆಶಾಸ್ತ್ರ ಇದು, ಯಾವ ಪಾಕಪುಸ್ತಕದಲ್ಲೂ ಸಿಗೋದಿಲ್ಲ. ಇನ್ನೊಂದು ತಮಾಷೆಯ ಊಟವಿತ್ತು: ಒಂದು ತುಂಡು ಒಣಮೀನನ್ನೋ ಮಾಂಸವನ್ನೋ ತೂಗುಹಾಕಿ, ಆಲೂಗಡ್ಡೆಯನ್ನು ಅದರ ಕಡೆ ತೋರಿಸಿ ಬಾಯಿಗೆ ಹಾಕಿಕೊಳ್ಳೋದು. ನಿಜವಾಗಿ ಹಾಗೆ ಮಾಡ್ತಿದ್ದರೋ ಇಲ್ಲವೋ, ತಮ್ಮ ಬಡತನವನ್ನು ತಾವೇ ನಕ್ಕಿದ್ದಂತೂ ನಿಜ.

ಹಸಿ ಗಡ್ಡೆಯನ್ನು ತುರಿದು ಬಟ್ಟೆಯಲ್ಲಿ ಹಿಂಡಿ, ಬೆಂದ ಗಡ್ಡೆಯ ಜೊತೆ ಕಲಸಿ ಹೆಂಚಿನ ಮೇಲೆ ತಟ್ಟಿದರೆ ಅದು ಬಾಕ್ಸ್ಟಿ. ಹಿಂಡಿದ ನೀರಿನ ತಳದಲ್ಲಿ ಕೂರೋ ಬಿಳಿಯ ಗಂಜಿಹಿಟ್ಟನ್ನು ಎತ್ತಿಟ್ಟು ಬಟ್ಟೆಗೆ ಗಂಜಿ ಹಾಕುತ್ತಿದ್ದರು. ಸಿಪ್ಪೆ, ಸಣ್ಣಗಡ್ಡೆ ಹಂದಿಗೆ, ಕೋಳಿಗೆ. ಕೀಲುನೋವಿಗೆ ಒಂದು ಹಸಿ ಗಡ್ಡೆಯನ್ನು ಜೇಬಲ್ಲಿ ಇಟ್ಟುಕೊಂಡು ತಿರುಗೋ ಮುದುಕರಿದ್ದರು. ನೋವು ಹೋಗುತ್ತಿತ್ತೋ ಇಲ್ಲವೋ, ಡಾಕ್ಟರಿಗೆ ಕೊಡೋ ಕಾಸಂತೂ ಉಳೀತಿತ್ತು. ಅಕ್ಟೋಬರ್ 31ರ ರಾತ್ರಿ ಎಲೆಕೋಸಿನ ಸೊಪ್ಪು ಸೇರಿಸಿ ಹಿಸುಕಿದ ಆಲೂಗಡ್ಡೆ, ಅದರ ಹೆಸರು ಕಾಲ್‌ಕ್ಯಾನನ್. ಅದರಲ್ಲಿ ಒಂದು ಉಂಗುರ ಅಡಗಿಸಿಡೋದು, ಯಾರ ಬಾಯಿಗೆ ಸಿಕ್ಕರೆ ಅವರಿಗೆ ಮದುವೆ. ಕಾಣದ ಲೋಕದವರಿಗೆ ಅಂತ ಒಂದು ಪಾಲು ಹೊರಗೆ ಇಡುವುದೂ ಇತ್ತು, ಮಾರ್ಲಮಿಯಲ್ಲಿ ನಾವು ಎಡೆ ಇಟ್ಟ ಹಾಗೆ. ಇವತ್ತು ಇವೇ ಬಾಕ್ಸ್ಟಿ, ಕಾಲ್‌ಕ್ಯಾನನ್ ಡಬ್ಲಿನ್ನಿನ ಹೋಟೆಲುಗಳಲ್ಲಿ ಪರಂಪರೆಯ ತಿಂಡಿ ಅನ್ನೋ ಹೆಸರಲ್ಲಿ ಪ್ರವಾಸಿಗಳಿಗೆ ಬಡಿಸಲಾಗುತ್ತದೆ. ರಾಗಿಮುದ್ದೆಗೆ ಮೂಗು ಮುರಿದವರ ಮೊಮ್ಮಕ್ಕಳು ಇವತ್ತು ಸಿರಿಧಾನ್ಯ ಅಂತ ದುಡ್ಡು ಕೊಟ್ಟು ತಿನ್ನುತ್ತಿಲ್ಲವೇ, ಹಾಗೆ. ತಿನ್ನಲಿ, ಸಂತೋಷ. ಹಸಿದವನ ಬುಟ್ಟಿಯನ್ನು ಮಾತ್ರ ಹಬ್ಬದ ತಟ್ಟೆ ಮಾಡಿ ತೋರಿಸಬೇಡಿ.

ಹಂದಿಯ ಮಾತು ಬಂತು. ಗುಡ್ಲೊಳಗೆ ಮನುಷ್ಯರ ಜೊತೆ ಹಂದಿಯೂ ಮಲಗುತ್ತೆ ಅಂತ ಇಂಗ್ಲಿಷ್ ಪತ್ರಿಕೆಗಳು ಚಿತ್ರ ಬರೆದು ನಕ್ಕವು. ಆ ಹಂದಿಯನ್ನು ಮನೆಯವರು ತಿನ್ನುತ್ತಿರಲಿಲ್ಲ. ‘ಗೇಣಿ ಕಟ್ಟೋ ಮಹಾಶಯ’ ಅಂತ ಅದಕ್ಕೆ ಅಡ್ಡಹೆಸರು. ಮನೆಯವರ ಗಡ್ಡೆಯ ಪಾಲು ತಿಂದು ಕೊಬ್ಬಿ, ಸಂತೆಗೆ ಹೋಗಿ, ದುಡ್ಡಾಗಿ, ಒಡೆಯನ ಪೆಟ್ಟಿಗೆ ಸೇರುತ್ತಿತ್ತು. ಅದರ ಮಾಂಸ ಉಪ್ಪು ಹಚ್ಚಿಸಿಕೊಂಡು ಕಡಲು ದಾಟಿ, ನಕ್ಕವರ ಬೆಳಗಿನ ತಿಂಡಿಯ ತಟ್ಟೆಗೆ ಬೀಳುತ್ತಿತ್ತು. ಹಂದಿಯ ಪಕ್ಕ ಮಲಗಿದವನು ಗಲೀಜು, ಹಂದಿ ತಿಂದವನು ನಾಗರಿಕ!

ಇಷ್ಟು ಮಾಡಿದರೂ ವರ್ಷ ತುಂಬುತ್ತಿರಲಿಲ್ಲ. ಹಳೆ ಗಡ್ಡೆ ಮೇ ತಿಂಗಳ ಹೊತ್ತಿಗೆ ಮುಗೀತಿತ್ತು, ಹೊಸದು ಆಗಸ್ಟಿನ ತನಕ ಇಲ್ಲ. ನಡುವಿನ ತಿಂಗಳಿಗೆ ಅವರು ‘ಕೋಸಿನ ಜುಲೈ’ ಅಂದರು, ಎಲೆಕೋಸಿನ ಸೊಪ್ಪೇ ಗತಿ ಅಂತ. ಗಂಡಸು ಕುಯ್ಲಿನ ಕೂಲಿಗೆ ಇಂಗ್ಲೆಂಡಿಗೆ, ಹೆಂಡತಿ ಮಕ್ಕಳು ಗುಡ್ಲಿಗೆ ಬಾಗಿಲು ಹಾಕಿಕೊಂಡು ಗುರುತಿಲ್ಲದ ಊರಿಗೆ ಭಿಕ್ಷೆಗೆ. ಮುಂಚೆ ನಾನಾ ತಳಿಗಳಿದ್ದವು. ಗೇಣಿ ಏರಿದ ಹಾಗೆ, ತುಂಡು ಸಣ್ಣದಾದ ಹಾಗೆ, ಬಡವರು ‘ಲಂಪರ್’ ಅನ್ನೋ ಒಂದೇ ತಳಿಗೆ ಬಿದ್ದರು. ರುಚಿ ಇಲ್ಲ, ನೀರುನೀರು, ಆದರೆ ಕೆಟ್ಟ ನೆಲದಲ್ಲೂ ರಾಶಿ ಬರುತ್ತೆ. ಸುಮಾರು 30 ಲಕ್ಷ ಜನರ ಜೀವ ಈ ಗಡ್ಡೆಯ ಮೇಲೆ ನಿಂತಿತ್ತು. ಹೀಗಿದ್ದೂ ಈ ಕೂಳು ದುರ್ಬಲರ ಕೂಳಾಗಿರಲಿಲ್ಲ. ಅದಕ್ಕೆ ಸಾಕ್ಷಿ ಇರೋದು ನಮ್ಮನ್ನು ಆಳಿದ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ದಫ್ತರದಲ್ಲಿ. ಸೈನ್ಯಕ್ಕೆ ಸೇರಿದ ಐರಿಷ್ ಹುಡುಗರು ಇಂಗ್ಲಿಷ್ ಹುಡುಗರಿಗಿಂತ ಎತ್ತರವಿದ್ದರು ಅನ್ನೋದು ಆ ಅಳತೆಪಟ್ಟಿಗಳಿಂದ ಗೊತ್ತಾಗಿದೆ. ಕ್ಷಾಮಕ್ಕೆ ಮುಂಚಿನ ದಶಕಗಳಲ್ಲಿ ಬಂಗಾಳ ಸೈನ್ಯಕ್ಕೆ ಭರ್ತಿಯಾದ ಯೂರೋಪಿನ ಸಿಪಾಯಿಗಳಲ್ಲಿ ಅರ್ಧದ ಹತ್ತಿರ ಐರಿಷರು. ಹೊಟ್ಟೆಗಾಗಿ ಬಂದವರ ಕೈಗೆ ಬಂದೂಕು ಕೊಟ್ಟು ಇನ್ನೊಂದು ದೇಶದ ಹಸಿದವರ ಎದುರು ನಿಲ್ಲಿಸೋದು ಸಾಮ್ರಾಜ್ಯದ ಹಳೇ ಚಾಳಿ.

1845ರ ಸೆಪ್ಟೆಂಬರಿನಲ್ಲಿ ಅಂಗಮಾರಿ ರೋಗ ಕಾಣಿಸಿತು. ಹಸಿರಾಗಿದ್ದ ಹೊಲ ದಿನಗಳಲ್ಲಿ ಕಪ್ಪಾಗಿ ನಾರುತ್ತಿತ್ತು. ಆ ವರ್ಷ ಬೆಳೆಯ ಒಂದು ಪಾಲು ಹೋಯಿತು. 1846ರಲ್ಲಿ ಹೆಚ್ಚುಕಡಿಮೆ ಎಲ್ಲ ಹೋಯಿತು. 1847ರಲ್ಲಿ ರೋಗ ಕಡಿಮೆ, ಆದರೆ ಬಿತ್ತನೆಗಡ್ಡೆಯನ್ನೇ ತಿಂದು ಮುಗಿಸಿದ್ದವರು ಬಿತ್ತೋದು ಏನನ್ನು? 1848ರಲ್ಲಿ ರೋಗ ಮತ್ತೆ ಬಂತು. ಈ ರೋಗಾಣು ಫೈಟಾಫ್ತೊರಾ ಕುಲದ್ದು. ನಮ್ಮ ಮಲೆನಾಡಿನ ಅಡಿಕೆಗೆ ಬರೋ ಕೊಳೆರೋಗವೂ ಇದೇ ಕುಲದ್ದು. ಮೈಸೂರು ಸಂಸ್ಥಾನದಲ್ಲಿದ್ದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಆಸುಪಾಸಿನಲ್ಲಿ ಅದನ್ನು ಪತ್ತೆ ಮಾಡಿ ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಸಿದ. ಐರ್ಲೆಂಡಿನ ಆಲೂಗಡ್ಡೆಗೆ ಕ್ಷಾಮ ಕಳೆದು ನಾಲ್ಕು ದಶಕದ ಮೇಲೆ ಬಂದ ಔಷಧವೂ ಅದೇ. ಅಡಿಕೆ ಕೊಳೆತರೆ ನಿಯೋಗ ಹೋಗುತ್ತದೆ, ಪರಿಹಾರದ ಮಾತಾಗುತ್ತದೆ. ಆಗಲಿ. ಆದರೆ ಅಡಿಕೆ ಕೊಳೆತಾಗ ತೋಟದ ಯಜಮಾನನ ಊಟವನ್ನೋ ಸೋಮಾರಿತನವನ್ನೋ ಯಾರಾದರೂ ಬೈದದ್ದುಂಟೇ?

ಐರಿಷ್ ಬಡವನನ್ನು ಬೈದವರ ಮುಂದಾಳು ಚಾರ್ಲ್ಸ್ ಟ್ರೆವೆಲ್ಯನ್. ಲಂಡನ್ನಿನ ಖಜಾನೆಯ ಹಿರಿಯ ಅಧಿಕಾರಿ, ಪರಿಹಾರದ ಹಣದ ಕೀಲಿ ಇವನ ಕೈಯಲ್ಲಿ. ಅಧಿಕಾರ ಶುರು ಮಾಡಿದ್ದು ಇಂಡಿಯಾದಲ್ಲಿ. ಕ್ಷಾಮವನ್ನು ದೈವದ ವ್ಯವಸ್ಥೆ ಅಂತ ನಂಬಿದ ಮನುಷ್ಯ. 1848ರಲ್ಲಿ, ಜನ ಇನ್ನೂ ಸಾಯುತ್ತಿರುವಾಗಲೇ, ಕ್ಷಾಮ ಮುಗಿದ ಕಥೆಯಂತೆ ಪುಸ್ತಕ ಬರೆದು ಪ್ರಕಟಿಸಿದ. ವರ್ಷದಲ್ಲಿ ಕೆಲವೇ ವಾರ ದುಡಿದರೆ ಆಲೂಗಡ್ಡೆಯವನ ಸಂಸಾರ ನಡೆಯುತ್ತೆ, ಅದೇ ಅವನನ್ನು ಕೆಡಿಸಿದ್ದು ಅನ್ನೋ ವಾದ ಅದರಲ್ಲಿದೆ. ಅದೇ ವರ್ಷ ಅವನಿಗೆ ‘ಸರ್’ ಪದವಿ. 1859ರಲ್ಲಿ ಮದರಾಸಿನ ಗವರ್ನರ್. ಆಗ ಬಳ್ಳಾರಿ ಮದರಾಸಿಗೆ ಸೇರಿತ್ತು, ಅಂದರೆ ನಮ್ಮ ಜನರೂ ಈ ಮಹಾನುಭಾವನ ಆಳ್ವಿಕೆ ಕಂಡವರೇ. ಖಜಾನೆ ಆ ಎಲ್ಲ ವರ್ಷಗಳಲ್ಲಿ ಕ್ಷಾಮಕ್ಕೆ ಬಿಚ್ಚಿದ್ದು ಸುಮಾರು 80 ಲಕ್ಷ ಪೌಂಡು, ಅದರಲ್ಲೂ ಬಹಳಷ್ಟು ಸಾಲದ ಲೆಕ್ಕ. ಇದೇ ಸರ್ಕಾರ 1833ರಲ್ಲಿ ಗುಲಾಮಗಿರಿ ತೆಗೆದಾಗ ಗುಲಾಮರ ಒಡೆಯರಿಗೆ ಪರಿಹಾರ ಅಂತ ಮಂಜೂರು ಮಾಡಿದ್ದು 2 ಕೋಟಿ ಪೌಂಡು. ಗುಲಾಮರಿಗೆ ಚಿಕ್ಕಾಸಿಲ್ಲ.

1846ರ ಬೆಳೆ ಪೂರಾ ಹೋದ ಮೇಲೆ ಸರ್ಕಾರ ಧಾನ್ಯದ ವಿಷಯವನ್ನು ಹೆಚ್ಚಾಗಿ ವ್ಯಾಪಾರಿಗಳಿಗೆ ಬಿಟ್ಟಿತು. ಆ ಚಳಿಗಾಲ ಹೊರಗಿನ ಜೋಳ ಇನ್ನೂ ಬಂದಿರಲಿಲ್ಲ, ಐರ್ಲೆಂಡಿನ ಓಟ್ಸ್ ಮಾತ್ರ ಸಿಪಾಯಿಗಳ ಕಾವಲಲ್ಲಿ ಬಂದರಿಗೆ ಹೋಗುತ್ತಿತ್ತು. 1847ರಲ್ಲಿ ಹೊರಗೆ ಹೋದದ್ದಕ್ಕಿಂತ ಒಳಗೆ ಬಂದ ಧಾನ್ಯವೇ ಹೆಚ್ಚು ಅಂತ ಲೆಕ್ಕ ತೋರಿಸುವವರಿದ್ದಾರೆ. ಲೆಕ್ಕ ಸರಿ. ಆದರೆ ಅವನಿಗೆ ಕೂಲಿ ಅಂದರೆ ದುಡ್ಡಲ್ಲ, ಆಲೂಗಡ್ಡೆಯ ನೆಲ. ಗಡ್ಡೆ ಹೋದ ಮೇಲೆ ಅಂಗಡಿಯಲ್ಲಿ ಜೋಳ ಇದ್ದರೂ ಕೊಳ್ಳೋದು ಯಾವುದರಿಂದ? ಕಾಸು ಕೊಡೋ ಕಾಮಗಾರಿ ಅಂತ ರಸ್ತೆ ಮಾಡಿಸಿದರು. ಎಲ್ಲಿಂದಲೋ ಹೊರಟು ಎಲ್ಲಿಗೂ ತಲುಪದ ರಸ್ತೆಗಳು, ಜೌಗಿನ ಮಧ್ಯೆ ನಿಂತುಬಿಟ್ಟವು, ಕಡಿದವರೂ ಅಲ್ಲೇ ಬಿದ್ದರು. 1847ರ ಬೇಸಿಗೆಯಲ್ಲಿ ಗಂಜಿಕೇಂದ್ರ ತೆರೆದಾಗ ದಿನಕ್ಕೆ 30 ಲಕ್ಷ ಜನರಿಗೆ ಗಂಜಿ ಹಾಕಿದರು. ಹಾಕಲು ಸಾಧ್ಯವಿತ್ತು ಅನ್ನೋದನ್ನು ಅವರೇ ತೋರಿಸಿ, ಕೆಲವೇ ತಿಂಗಳಲ್ಲಿ ಮುಚ್ಚಿದರು.

ಅದೇ ವರ್ಷ ವಿಲಿಯಂ ಗ್ರೆಗರಿ ಅನ್ನೋ ಸಂಸತ್ ಸದಸ್ಯ ಒಂದು ಷರತ್ತು ಸೇರಿಸಿದ. ಕಾಲು ಎಕರೆಗಿಂತ ಹೆಚ್ಚು ನೆಲ ಇಟ್ಟುಕೊಂಡವನಿಗೆ ಸರ್ಕಾರಿ ಪರಿಹಾರ ಇಲ್ಲ. ನೆಲ ಬಿಡು, ಗಂಜಿ ಕುಡಿ! ಬಿಟ್ಟವನು ಅನಾಥಾಲಯದಂಥ ದುಡಿಮೆಮನೆಯಿಂದ ಹಿಂದಿರುಗುವಷ್ಟರಲ್ಲಿ ಗುಡ್ಲಿನ ಮಾಡು ಕಿತ್ತುಹೋಗಿರುತ್ತಿತ್ತು. ಒಂದರಿಂದ ಐದು ಎಕರೆಯ ಹಿಡುವಳಿಗಳು 1841ರಲ್ಲಿ ಮೂರು ಲಕ್ಷದ ಮೇಲಿದ್ದವು. 1851ರಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ. ಗಡ್ಡೆಗೆ ಬಂದ ರೋಗ ಒಡೆಯನ ದಾಖಲೆಯಲ್ಲಿ ಜಮೀನು ಖಾಲಿ ಮಾಡಿಸೋ ಅಮೀನನಾಯಿತು. ಗಂಜಿ ಹಾಕಿ ಮತ ಬದಲಿಸಿದ ಪಾದ್ರಿಗಳೂ ಇದ್ದರು, ಯಾವ ಮತ ಅಂತ ಕೇಳದೆ ಹಾಕಿದ ಕ್ವೇಕರರೂ ಇದ್ದರು. ಗಂಜಿಗಾಗಿ ಮತ ಬಿಟ್ಟವರನ್ನು ‘ಸೂಪರ್’ ಅಂತ ತಲೆಮಾರುಗಳ ತನಕ ಅವರ ಊರವರೇ ಹಂಗಿಸಿದರು. ಅನ್ನಕ್ಕಾಗಿ ಮತಾಂತರ ಆದರು ಅಂತ ನಮ್ಮವರನ್ನು ಹಂಗಿಸುವವರ ಹಾಗೇನೆ, ಅನ್ನ ಕಿತ್ತುಕೊಂಡವನು ಯಾರು ಅಂತ ಅಲ್ಲೂ ಯಾರೂ ಕೇಳಲಿಲ್ಲ.

ಮೂವತ್ತು ವರ್ಷದ ಮೇಲೆ, 1876-78ರಲ್ಲಿ, ಇದೇ ಧರ್ಮಶಾಸ್ತ್ರ ನಮ್ಮ ಬಳ್ಳಾರಿಗೆ, ಮೈಸೂರಿಗೆ ಬಂತು. ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ಮದರಾಸ್ ಸೀಮೆಯ ಕ್ಷಾಮದ ಕಾಮಗಾರಿಯ ಗಂಡಾಳಿಗೆ ಗೊತ್ತು ಮಾಡಿದ ಕೂಲಿ, ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಒಂದಾಣೆ. ಅರ್ಧ ಕಿಲೋಗೂ ಕಡಿಮೆ ಧಾನ್ಯ ಉಂಡು ಕಲ್ಲು ಒಡೆಯಬೇಕು. ಇದೇ ಟೆಂಪಲ್ 1874ರಲ್ಲಿ ಬಿಹಾರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದ್ದ. ದುಂದು ಮಾಡಿದೆ ಅಂತ ಮೇಲಿನವರಿಂದ ಬೈಸಿಕೊಂಡ ಮೇಲೆ ಬುದ್ಧಿ ಕಲಿತ! ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು. 1881ರಲ್ಲಿ 42 ಲಕ್ಷ ಮುಟ್ಟಲಿಲ್ಲ. ಇಲ್ಲಿ ಆಲೂಗಡ್ಡೆ ತಿಂದವರು ಯಾರೂ ಇರಲಿಲ್ಲ. ರಾಗಿ, ಜೋಳ ತಿನ್ನುವವರೂ ಹಾಗೇ ಸತ್ತರಲ್ಲ, ಗಡ್ಡೆಯ ವಾದ ಹೇಳೋ ವಿದ್ವಾಂಸರು ಇದಕ್ಕೆ ಏನನ್ನುತ್ತಾರೆ?

ಇಷ್ಟು ಹೇಳಿದ ಮೇಲೆ ನಮ್ಮ ಕೆಲವು ಗೆಳೆಯರಿಗೂ ಒಂದು ಮಾತು. ಹಸಿವು ಎಲ್ಲ ಕಡೆ ಒಂದೇ, ಐರಿಷ್ ಬಡವನೂ ದಲಿತನೂ ಒಂದೇ ಅಂತ ಗಂಟು ಹಾಕಿಬಿಡೋದು ಸುಲಭ. ಗುಲಾಮಗಿರಿಯಿಂದ ತಪ್ಪಿಸಿಕೊಂಡ ಕರಿಯ ನಾಯಕ ಫ್ರೆಡರಿಕ್ ಡಗ್ಲಾಸ್ ಐರ್ಲೆಂಡಿಗೆ ಕಾಲಿಟ್ಟದ್ದು 1845ರಲ್ಲೇ, ಅಂಗಮಾರಿ ಕಾಣಿಸೋ ಹೊತ್ತಿಗೆ. ಅಲ್ಲಿನ ಗುಡ್ಲುಗಳನ್ನು ನೋಡಿ ಕರುಳು ಕಿತ್ತುಬಂದಂತೆ ಬರೆದ. ಆದರೂ ಐರಿಷನು ಬಡವ, ಗುಲಾಮನಲ್ಲ, ತನ್ನ ಮೈಗೆ ತಾನೇ ಒಡೆಯ ಅನ್ನೋ ವ್ಯತ್ಯಾಸವನ್ನು ಬಿಟ್ಟುಕೊಡಲಿಲ್ಲ. ಅವನ ಮಾತು ಸರಿ. ಒಡೆಯನ ಬಾವಿಯ ನೀರು ಐರಿಷನ ನೆರಳಿನಿಂದ ಕೆಡುತ್ತಿರಲಿಲ್ಲ. ಹಡಗು ಹತ್ತಿ ಅಮೆರಿಕ ಸೇರಿದವನು ಮೊದಮೊದಲು ಅವಮಾನ ಉಂಡರೂ ಕಾಲ ಕಳೆದ ಹಾಗೆ ಬಿಳಿಯನಾಗಿ ಉಳಿದ. 1863ರ ಜುಲೈಯಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಕರಿಯರನ್ನು ಹಿಡಿದು ನೇಣಿಗೆ ಹಾಕಿದ ಗುಂಪುಗಳಲ್ಲಿ ಈ ಕ್ಷಾಮದಿಂದ ಓಡಿಬಂದವರೇ ಬಹಳ ಮಂದಿ. ನಮ್ಮವನು ಅಮೆರಿಕಕ್ಕೆ ಹೋದರೆ ಜಾತಿಯೂ ಅದೇ ವಿಮಾನದಲ್ಲಿ ಬರುತ್ತದೆ. ಬರದಿದ್ದರೆ ಸಿಯಾಟಲ್ ನಗರಸಭೆ 2023ರಲ್ಲಿ ಜಾತಿ ತಾರತಮ್ಯದ ವಿರುದ್ಧ ಕಾನೂನು ಮಾಡಬೇಕಾಗಿ ಬರುತ್ತಿರಲಿಲ್ಲ. ಹಸಿವು ಮನುಷ್ಯನಿಗೆ ತಾನಾಗಿ ವಿವೇಕ ಕೊಡೋದಿಲ್ಲ. ಕೊಟ್ಟ ಉದಾಹರಣೆಯೂ ಇದೆ, ಅದನ್ನೂ ಹೇಳಬೇಕು. 1830ರ ದಶಕದಲ್ಲಿ ತಮ್ಮ ನೆಲದಿಂದ ಅಟ್ಟಿಸಿಕೊಂಡು, ದಾರಿಯುದ್ದಕ್ಕೂ ಸತ್ತು ಉಳಿದಿದ್ದ ಅಮೆರಿಕದ ಚಾಕ್ಟಾ ಮೂಲನಿವಾಸಿಗಳು 1847ರಲ್ಲಿ ಐರ್ಲೆಂಡಿನ ಹಸಿದವರಿಗಾಗಿ ಚಂದಾ ಎತ್ತಿದರು. 170 ಡಾಲರ್ ಅಂತ ಹೇಳುತ್ತಾರೆ.

ನೆಲದ ಪ್ರಶ್ನೆಗೆ ಐರ್ಲೆಂಡು ನೆಲದಲ್ಲೇ ಉತ್ತರ ಕೊಟ್ಟಿತು. ಕ್ಷಾಮದ ನಡುವೆ, 1846ರಲ್ಲಿ ಮೇಯೊ ಸೀಮೆಯಲ್ಲಿ ಹುಟ್ಟಿದ ಮೈಕೆಲ್ ಡೇವಿಟ್ ಎಂಬವನ ಸಂಸಾರವನ್ನು ಅವನು ನಾಲ್ಕು ವರ್ಷದವನಿದ್ದಾಗ ಒಡೆಯ ಒಕ್ಕಲೆಬ್ಬಿಸಿದ. ಇಂಗ್ಲೆಂಡಿನ ಹತ್ತಿಗಿರಣಿಯಲ್ಲಿ ಹನ್ನೊಂದನೆಯ ವಯಸ್ಸಿಗೆ ಬಲಗೈ ಹೋಯಿತು. ಉಳಿದ ಒಂದು ಕೈಯಲ್ಲಿ ಅವನು 1879ರಲ್ಲಿ ಲ್ಯಾಂಡ್ ಲೀಗ್ ಕಟ್ಟಿದ. ಮರುವರ್ಷ ಅದೇ ಮೇಯೊದಲ್ಲಿ ಗೇಣಿ ಇಳಿಸದ ಒಡೆಯನ ಏಜೆಂಟ್ ಒಬ್ಬನ ಹೊಲಕ್ಕೆ ಯಾರೂ ಹೋಗಲಿಲ್ಲ. ಕೂಲಿಯವರು ಬರಲಿಲ್ಲ, ಕಮ್ಮಾರ ಲಾಳ ಕಟ್ಟಲಿಲ್ಲ, ಅಗಸಗಿತ್ತಿ ಬಟ್ಟೆ ಒಗೆಯಲಿಲ್ಲ, ಅಂಗಡಿಯವನು ಸಾಮಾನು ಕೊಡಲಿಲ್ಲ. ಆ ಏಜೆಂಟನ ಹೆಸರು ಕ್ಯಾಪ್ಟನ್ ಬಾಯ್ಕಾಟ್. ಅವನ ಹೊಲದ ಆಲೂಗಡ್ಡೆ, ಟರ್ನಿಪ್ ಗಡ್ಡೆ ಕೀಳಲಿಕ್ಕೆ ಬೇರೆ ಸೀಮೆಯಿಂದ ಐವತ್ತು ಜನರನ್ನು ಕರೆಸಿ, ಅವರ ಕಾವಲಿಗೆ ಸೈನ್ಯವನ್ನೇ ತಂದರು. 500 ಪೌಂಡಿನ ಬೆಳೆಗೆ 10,000 ಪೌಂಡು ಖರ್ಚಾಯಿತು ಅನ್ನೋದು ಆಗ ಜನ ಹಾಕಿದ ಲೆಕ್ಕ. ಬಹಿಷ್ಕಾರ ಅನ್ನೋದು ನಮ್ಮ ಕೇರಿಗಳ ಮೇಲೆ ಮೇಲಿನವರು ಹಾಕುವ ಶಿಕ್ಷೆ. ಅಂಬೇಡ್ಕರರು 1927ರಲ್ಲಿ ತಮ್ಮ ಪತ್ರಿಕೆಗೆ ‘ಬಹಿಷ್ಕೃತ ಭಾರತ’ ಅಂತ ಹೆಸರಿಟ್ಟದ್ದು ಅದಕ್ಕೇ. ಅದೇ ಹತಾರವನ್ನು ಕೆಳಗಿನವರು ಕಸಿದುಕೊಂಡು ಮೇಲೆ ಬೀಸಿದಾಗ ಅದಕ್ಕೆ ಬೇರೆಯದೇ ಹೆಸರು ಬಂತು.

ಆಮೇಲೆ ಒಂದೊಂದಾಗಿ ಭೂಕಾಯ್ದೆಗಳು, 1903ರ ದೊಡ್ಡ ಕಾಯ್ದೆ. ಗೇಣಿದಾರ ನೆಲದೊಡೆಯನಾದ. 1974ರಲ್ಲಿ ನಮ್ಮಲ್ಲೂ ಉಳುವವನೇ ಹೊಲದೊಡೆಯ ಅಂದಾಗ ಹೆಚ್ಚಾಗಿ ನೆಲ ಸಿಕ್ಕಿದ್ದು ಗೇಣಿಚೀಟಿ ಇದ್ದವರಿಗೆ, ನೇಗಿಲ ಹಿಂದೆ ನಡೆದ ಆಳಿಗಲ್ಲ. ಐರ್ಲೆಂಡಿನಲ್ಲೂ ಅಷ್ಟೇ. ಸೋಮಾರಿ ಮಡಿ ತೋಡಿದ ಕೂಲಿಯವನ ಕೈಯಲ್ಲಿ ಗೇಣಿಚೀಟಿ ಎಲ್ಲಿತ್ತು? ಅವರಲ್ಲಿ ಬಹಳ ಜನ ಅಷ್ಟು ಹೊತ್ತಿಗೆ ಮಣ್ಣಾಗಿದ್ದರು, ಇಲ್ಲವೆ ಕಡಲು ದಾಟಿದ್ದರು. ಉಳಿದವರಿಗೆ 1883ರ ಕಾಯ್ದೆಯಲ್ಲಿ ಮಂಜೂರಾದದ್ದು ಬಾಡಿಗೆಗೆ ಒಂದು ಸಣ್ಣ ಮನೆ, ಅದರ ಹಿಂದೆ ಅರ್ಧ ಎಕರೆ. ಆ ಅರ್ಧ ಎಕರೆಯಲ್ಲಿ ಅವರು ಆಲೂಗಡ್ಡೆ ಹಾಕಿದರು.